ಪ್ರಶ್ನಾವಳಿ ಕಳಿಸುವ ಮೊದಲು ಏನೇನು ತೀರ್ಮಾನವಾಗಿರಬೇಕು? ಮನಶ್ಶಾಸ್ತ್ರ ವಿದ್ಯಾರ್ಥಿಗಳ ಮೊದಲ ಸಂಶೋಧನೆ

#1 · ಹೊಸಚಲಕ

ಸ್ನಾತಕೋತ್ತರ ಪ್ರಾಜೆಕ್ಟ್‌ಗೆ ಇಟ್ಟುಕೊಂಡಿರುವ ಶೀರ್ಷಿಕೆ: "ರಾತ್ರಿ ಹೊತ್ತಿನ ಮೊಬೈಲ್ ಬಳಕೆಯಿಂದ ನಿದ್ರೆ, ಒತ್ತಡ ಮತ್ತು ಖಿನ್ನತೆಯ ಮೇಲಾಗುವ ಪರಿಣಾಮ". ಆನ್‌ಲೈನ್ ಫಾರ್ಮ್, 60 ವಿದ್ಯಾರ್ಥಿಗಳು. ರಾತ್ರಿ ಎಷ್ಟು ಹೊತ್ತು ಮೊಬೈಲ್ ನೋಡುತ್ತೀರಿ ಎಂಬ ಒಂದು ಪ್ರಶ್ನೆ, ನಿದ್ರೆಗೆ ಪಿಟ್ಸ್‌ಬರ್ಗ್ ಸೂಚ್ಯಂಕ, ಒತ್ತಡಕ್ಕೆ ಪಿಎಸ್‌ಎಸ್-10, ಖಿನ್ನತೆಗೆ ಪಿಎಚ್‌ಕ್ಯೂ-9. ಬಳಕೆಯ ಮಧ್ಯಾಂಕದಲ್ಲಿ ಕತ್ತರಿಸಿ 'ಹೆಚ್ಚು', 'ಕಡಿಮೆ' ಎಂದು ಎರಡು ಗುಂಪು ಮಾಡಿ ಟಿ-ಟೆಸ್ಟ್ (ಎರಡು ಸರಾಸರಿಗಳನ್ನು ಹೋಲಿಸುವ ಪರೀಕ್ಷೆ) ಹಾಕುವ ಯೋಚನೆ. ಫಾರ್ಮ್ ಸಿದ್ಧವಿದೆ. ಕಳಿಸುವ ಮುನ್ನ ಏನಾದರೂ ತಿದ್ದಬೇಕೇ?

#2 · ಶೇಷಪದ

ತಿದ್ದುವುದು ಸಾಕಷ್ಟಿದೆ. ಮೊದಲು ಶೀರ್ಷಿಕೆಯಿಂದಲೇ ಶುರು ಮಾಡೋಣ. ಒಂದೇ ಸಲ ಕೇಳಿ ಮುಗಿಸುವ ಸಮೀಕ್ಷೆಯಿಂದ 'ಪರಿಣಾಮ' ಎಂದು ಹೇಳಲು ಬರುವುದಿಲ್ಲ. ನಿದ್ರೆ ಬಾರದವರು ಮೊಬೈಲ್ ಹಿಡಿದಿರಬಹುದು, ಮೊಬೈಲ್ ಹಿಡಿದವರಿಗೆ ನಿದ್ರೆ ಕೆಟ್ಟಿರಬಹುದು, ಪರೀಕ್ಷೆಯ ಆತಂಕ ಎರಡನ್ನೂ ಒಟ್ಟಿಗೆ ಎಳೆದಿರಬಹುದು. ಈ ಮೂರೂ ಸಂದರ್ಭಗಳಲ್ಲಿ ನಿಮಗೆ ಸಿಗುವ ಸಹಸಂಬಂಧದ ಅಂಕಿ (ಎರಡು ಅಳತೆಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏರಿಳಿಯುತ್ತವೆ ಎಂಬುದು) ಒಂದೇ ಆಗಿರಬಹುದು.

ದಾರಿ ಎರಡಿವೆ. ಶೀರ್ಷಿಕೆಯನ್ನು 'ಸಂಬಂಧ' ಎಂದು ಬದಲಿಸಿ, ಚರ್ಚೆಯ ಅಧ್ಯಾಯದಲ್ಲೂ ಆ ಗೆರೆ ದಾಟದಿರುವುದು ಒಂದು. ನಿಜವಾಗಿಯೂ ಏನನ್ನಾದರೂ ಬದಲಿಸಿ ನೋಡುವುದು ಇನ್ನೊಂದು: ಒಂದು ವಾರ ಮೊಬೈಲ್ ಮಲಗುವ ಕೋಣೆಯ ಹೊರಗೆ, ಇನ್ನೊಂದು ವಾರ ಎಂದಿನಂತೆ. ಯಾವ ವಾರ ಮೊದಲು ಎಂಬುದನ್ನು ಯಾದೃಚ್ಛಿಕವಾಗಿ ಹಂಚಬೇಕು, ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ನಿದ್ರೆಯ ಡೈರಿ ತುಂಬಿಸಬೇಕು. ಯಾವ ವಾರ ಯಾವುದು ಎಂಬುದು ಭಾಗವಹಿಸುವವರಿಗೆ ಗೊತ್ತಿರುವುದರಿಂದ ನಿರೀಕ್ಷೆಯ ಪ್ರಭಾವ ಇದ್ದೇ ಇರುತ್ತದೆ. ಅದನ್ನು ಮಿತಿಯಾಗಿ ಬರೆಯಿರಿ. ಆದರೂ ಕಾರಣದ ಪ್ರಶ್ನೆಗೆ ಇದು ಸಮೀಕ್ಷೆಗಿಂತ ಎಷ್ಟೋ ಹತ್ತಿರ.

"ಎಷ್ಟು ಹೊತ್ತು ನೋಡುತ್ತೀರಿ" ಎಂಬ ಒಂದೇ ಪ್ರಶ್ನೆಯನ್ನು ನಂಬಬೇಡಿ. ಜನ ಹೇಳುವ ನಿಮಿಷಗಳಿಗೂ ಫೋನ್ ದಾಖಲಿಸಿದ ನಿಮಿಷಗಳಿಗೂ ಇರುವ ಹೊಂದಾಣಿಕೆ ಅಷ್ಟಕ್ಕಷ್ಟೇ. ಫೋನಿನ ಸ್ಕ್ರೀನ್ ಟೈಮ್ ಪುಟ ತೆರೆದು ಕಳೆದ ಏಳು ದಿನದ ಅಂಕಿಯನ್ನು ನೋಡಿ ಬರೆಯಲು ಹೇಳಿ. ಪುಟ ಎಲ್ಲಿದೆ ಎಂದು ಆಂಡ್ರಾಯ್ಡ್‌ಗೂ ಐಫೋನ್‌ಗೂ ಬೇರೆ ಬೇರೆ ಸೂಚನೆ ಕೊಡಬೇಕು. ಅದು ಇಡೀ ದಿನದ ಲೆಕ್ಕ. ನಿಮಗೆ ರಾತ್ರಿಯದ್ದೇ ಬೇಕಾದರೆ 'ರಾತ್ರಿ' ಅಂದರೆ ಎಷ್ಟರಿಂದ ಎಷ್ಟು ಗಂಟೆ ಎಂಬ ವ್ಯಾಖ್ಯೆ ಈಗಲೇ ಬರೆದಿಡಿ.

#3 · ಮಧ್ಯಾಂಕ

ನನ್ನ ಹೆಸರಿನ ಮಧ್ಯಾಂಕವನ್ನು ಹೀಗೆ ಕತ್ತರಿಯಾಗಿ ಬಳಸಬೇಡಿ ಎಂದು ಕೇಳಿಕೊಳ್ಳುತ್ತೇನೆ :) ಮಧ್ಯಾಂಕ 120 ನಿಮಿಷ ಆದರೆ, 119 ನಿಮಿಷದವರು ಒಂದು ಗುಂಪು, 121ರವರು ಇನ್ನೊಂದು. ಆದರೆ 121ರವರೂ 400ರವರೂ ಒಂದೇ! ಸಾಮಾನ್ಯ ವಿತರಣೆ (ಗಂಟೆಯಾಕಾರದ ಹರಡಿಕೆ) ಇರುವ ಚಲಕವನ್ನು ಹೀಗೆ ಎರಡಾಗಿ ಸೀಳಿದರೆ ಸಹಸಂಬಂಧ ಮೂಲದ ಸುಮಾರು 0.80 ಪಾಲಿಗೆ ಇಳಿಯುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜನರನ್ನು ಕೈಯಾರೆ ಎಸೆದಷ್ಟೇ ನಷ್ಟ. ನಿಮಿಷಗಳನ್ನು ನಿಮಿಷಗಳಾಗಿಯೇ ಇಟ್ಟು ಸಹಸಂಬಂಧ ಅಥವಾ ರಿಗ್ರೆಶನ್ ಮಾಡಿ.

ಇನ್ನು 60 ಜನ. ಈ ಸಂಖ್ಯೆ ಎಲ್ಲಿಂದ ಬಂತು? 'ಹಿಂದಿನ ವರ್ಷದವರು ಅಷ್ಟೇ ತೆಗೆದುಕೊಂಡಿದ್ದರು' ಎಂಬುದು ಉತ್ತರವಲ್ಲ. ಎಷ್ಟು ಜನ ಬೇಕೆಂದು ಲೆಕ್ಕ ಹಾಕಲು ಜಿ-ಪವರ್ ಎಂಬ ಉಚಿತ ತಂತ್ರಾಂಶ ಇದೆ, ಹತ್ತು ನಿಮಿಷದ ಕೆಲಸ. ಪಿ (ಸಂಬಂಧವೇ ಇಲ್ಲದಿದ್ದರೂ ಇಷ್ಟು ದೊಡ್ಡ ಅಂಕಿ ಆಕಸ್ಮಿಕವಾಗಿ ಸಿಗುವ ಸಾಧ್ಯತೆ) ಮಿತಿ 0.05, ಎರಡೂ ಬದಿಯ ಪರೀಕ್ಷೆ, ಪವರ್ (ನಿಜವಾಗಿ ಇರುವ ಸಂಬಂಧವನ್ನು ಹಿಡಿಯುವ ಸಾಧ್ಯತೆ) 80% ಎಂದಿಟ್ಟರೆ ಸಹಸಂಬಂಧ 0.30 ಹಿಡಿಯಲು ಸುಮಾರು 85 ಜನ, 0.20ಕ್ಕೆ ಸುಮಾರು 194, 0.10ಕ್ಕೆ 780ರ ಮೇಲೆ. ಎರಡು ಪ್ರತ್ಯೇಕ ಗುಂಪುಗಳ ಟಿ-ಟೆಸ್ಟ್‌ನಲ್ಲಿ ಕೋಹೆನ್‌ನ ಡಿ (ಸರಾಸರಿಗಳ ಅಂತರವನ್ನು ಮಾನಕ ವಿಚಲನೆಯಿಂದ ಭಾಗಿಸಿದ ಅಂಕಿ) 0.8 ಇದ್ದರೆ ಗುಂಪಿಗೆ 26, 0.5 ಇದ್ದರೆ 64, 0.2 ಇದ್ದರೆ 394.

ಸಂಬಂಧ ನಿಜಕ್ಕೂ 0.20 ಇದೆ ಎಂದುಕೊಳ್ಳಿ. 60 ಜನರಲ್ಲಿ ಅದು ಪರೀಕ್ಷೆಯಲ್ಲಿ ಗೆಲ್ಲುವ ಸಾಧ್ಯತೆ ಮೂರರಲ್ಲಿ ಒಂದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: 60 ಜನರಿದ್ದಾಗ ಪಿ 0.05ಕ್ಕಿಂತ ಕೆಳಗಿಳಿಯಲು ಆರ್ (ಸಹಸಂಬಂಧದ ಅಂಕಿ) ಕನಿಷ್ಠ 0.25 ಇರಲೇಬೇಕು. ಅಂದರೆ ನೀವು 'ಗೆದ್ದ' ಪಕ್ಷದಲ್ಲೂ ಬರೆಯುವ ಅಂಕಿ ನಿಜಕ್ಕಿಂತ ದೊಡ್ಡದೇ. ಸಣ್ಣ ಮಾದರಿಯ ಫಲಿತಾಂಶಗಳು ಪುನರಾವರ್ತನೆಯಲ್ಲಿ ಕುಗ್ಗುವುದಕ್ಕೆ ಇದೊಂದು ಮುಖ್ಯ ಕಾರಣ. 2015ರಲ್ಲಿ ಪ್ರಕಟವಾದ ದೊಡ್ಡ ಪುನರಾವರ್ತನಾ ಯೋಜನೆಯಲ್ಲಿ ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ಮಾಡಿದಾಗ, ಮೂಲದಲ್ಲಿ 97% ಇದ್ದ ಸಾರ್ಥಕ (ಪಿ 0.05ಕ್ಕಿಂತ ಕಡಿಮೆ ಬಂದ) ಫಲಿತಾಂಶಗಳು 36%ಕ್ಕೆ ಇಳಿದವು, ಪರಿಣಾಮದ ಗಾತ್ರ ಸರಾಸರಿ ಅರ್ಧಕ್ಕೆ ಬಂತು.

#4 · ಕೀಲಿಮಣೆ

ಮೊದಲ ಸಂಶೋಧನೆಗೆ 194 ಜನರ ಸಮೀಕ್ಷೆಯೇ ಏಕೆ ಬೇಕು ಎಂಬುದು ನನ್ನ ತಕರಾರು. ಕಲಿಯಲು ಬಂದವರು ಒಂದು ಗಟ್ಟಿ ಪ್ರಯೋಗವನ್ನು ಮತ್ತೆ ಮಾಡಲಿ. 1935ರ ಸ್ಟ್ರೂಪ್ ಪ್ರಯೋಗಕ್ಕೆ (ಬಣ್ಣದ ಹೆಸರನ್ನು ಬೇರೆ ಬಣ್ಣದಲ್ಲಿ ಬರೆದಿದ್ದರೆ ಆ ಬಣ್ಣ ಗುರುತಿಸಲು ಹೆಚ್ಚು ಹೊತ್ತು ಬೇಕಾಗುತ್ತದೆ) 25–30 ಜನ ಸಾಕು, ಏಕೆಂದರೆ ಪ್ರತಿಯೊಬ್ಬರೂ ಎರಡೂ ಸ್ಥಿತಿಗಳಲ್ಲಿ ಉತ್ತರಿಸುತ್ತಾರೆ, ತಲಾ 48 ಪ್ರಯತ್ನ ಇಡಬಹುದು, ಪರಿಣಾಮವೂ ದೊಡ್ಡದು. ಪ್ರಯೋಗ ನಡೆಸುವ ತಂತ್ರಾಂಶ ಸೈಕೋಪೈ ಉಚಿತ. 12 ಅಭ್ಯಾಸದ ಪ್ರಯತ್ನ, ನಂತರ 96 ಪ್ರಯತ್ನಗಳನ್ನು ಕಲಸಿದ ಕ್ರಮದಲ್ಲಿ. ಒಬ್ಬರಿಗೆ ಹತ್ತು ನಿಮಿಷ.

ಎಡವುವ ಜಾಗಗಳು ಗೊತ್ತಿರಲಿ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ. '20 ಮಿಲಿಸೆಕೆಂಡ್ ತೋರಿಸು' ಎಂದು ಬರೆದರೆ ನಿಮಗೆ ಸಿಗುವುದು ಒಂದು ಫ್ರೇಮ್ ಅಥವಾ ಎರಡು, 20 ಅಲ್ಲ. ಅವಧಿಯನ್ನು ಫ್ರೇಮ್ ಲೆಕ್ಕದಲ್ಲಿ ಬರೆಯಿರಿ. ಬಣ್ಣ-ಕೀಲಿ ಜೋಡಣೆಯನ್ನು ಎಲ್ಲರಿಗೂ ಒಂದೇ ಇಡದೆ ತಿರುಗಿಸಿ ಹಂಚಿ, ಇಲ್ಲವಾದರೆ ಬಲಗೈ ತೋರುಬೆರಳಿನ ವೇಗ ನಿಮ್ಮ ಒಂದು ಬಣ್ಣಕ್ಕೆ ಅಂಟಿಕೊಳ್ಳುತ್ತದೆ. ಪ್ರತಿಕ್ರಿಯೆ ಸಮಯದ ವಿಶ್ಲೇಷಣೆಗೆ ಸರಿ ಉತ್ತರಗಳನ್ನು ಮಾತ್ರ ತೆಗೆದುಕೊಂಡು, ತಪ್ಪುಗಳ ಪ್ರಮಾಣವನ್ನು ಬೇರೆಯಾಗಿ ಕೊಡಿ. 200 ಮಿಲಿಸೆಕೆಂಡಿಗಿಂತ ಬೇಗ ಬಂದ ಉತ್ತರ ಪದ ನೋಡಿ ಕೊಟ್ಟದ್ದಲ್ಲ; ಆ ಮಿತಿಯನ್ನು ಡೇಟಾ ನೋಡುವ ಮೊದಲೇ ನಿಗದಿ ಮಾಡಿ.

#5 · ಮಧ್ಯಾಂಕ

ಕೀಲಿಮಣೆಯವರ ಮಾತು ಒಪ್ಪುತ್ತೇನೆ, ಒಂದು ಎಚ್ಚರಿಕೆಯೊಂದಿಗೆ. ಸ್ಟ್ರೂಪ್ ಮಾಡಿದವರು ಅಲ್ಲಿಗೇ ನಿಲ್ಲುವುದಿಲ್ಲ. 'ಸ್ಟ್ರೂಪ್ ಅಂಕಕ್ಕೂ ಆತಂಕಕ್ಕೂ ಸಂಬಂಧ' ಎಂದು ಅದೇ 30 ಜನರ ಮೇಲೆ ಒಂದು ಪ್ರಶ್ನಾವಳಿ ಹೇರುತ್ತಾರೆ. ಎಲ್ಲರಲ್ಲೂ ಪರಿಣಾಮ ಕಾಣುತ್ತದೆ ಎಂದರೆ ಜನರ ನಡುವಿನ ವ್ಯತ್ಯಾಸ ಕಡಿಮೆ ಎಂದೇ ಅರ್ಥ. ಪರಿಣಾಮ ಗಟ್ಟಿ ಇರುವ ಕಾರ್ಯಗಳೇ ವ್ಯಕ್ತಿ ವ್ಯತ್ಯಾಸ ಅಳೆಯಲು ದುರ್ಬಲವಾಗಿರುವುದು ಇದೇ ಕಾರಣಕ್ಕೆ.

ಹೊಸಚಲಕ ಅವರಿಗೆ ವಿಷಯ ಬದಲಿಸುವ ಮನಸ್ಸಿಲ್ಲದಿದ್ದರೆ ಶೇಷಪದ ಹೇಳಿದ ಎರಡು ವಾರದ ವಿನ್ಯಾಸವೂ ಕೈಗೆಟಕುವಂಥದ್ದೇ. ಒಬ್ಬರೇ ಎರಡೂ ಸ್ಥಿತಿಗಳಲ್ಲಿ ಇರುವಾಗ, ವ್ಯತ್ಯಾಸದ ಡಿ 0.5 ಎಂದಿಟ್ಟರೆ 34 ಜನ ಸಾಕು. ಐದರಲ್ಲಿ ಒಬ್ಬರು ಮಧ್ಯದಲ್ಲಿ ಬಿಡುತ್ತಾರೆ ಎಂದು ಹಿಡಿದು 43 ಜನರನ್ನು ಸೇರಿಸಿ.

#6 · ಕಚ್ಚಾಡೇಟಾ

ಮಾಪನಿಗಳ ಬಗ್ಗೆ ಯಾರೂ ಹೇಳಲಿಲ್ಲ. ಪ್ರಾಜೆಕ್ಟ್‌ಗಳು ಮುಳುಗುವುದು ಅಲ್ಲೇ.

ಪಿಎಸ್‌ಎಸ್-10ರಲ್ಲಿ 4, 5, 7, 8ನೇ ಪ್ರಶ್ನೆಗಳು ತಿರುವು ಪ್ರಶ್ನೆಗಳು (ಇವುಗಳಲ್ಲಿ ಹೆಚ್ಚು ಅಂಕ ಅಂದರೆ ಕಡಿಮೆ ಒತ್ತಡ). ಮೂಲ ಅಂಕ 0ಯಿಂದ 4, ಆದ್ದರಿಂದ ತಿರುಗಿಸುವ ಸೂತ್ರ '4 ಕಳೆ ಉತ್ತರ'. ನಿಮ್ಮ ಫಾರ್ಮ್ 1ರಿಂದ 5 ಎಂದು ದಾಖಲಿಸಿದರೆ ಸೂತ್ರ '6 ಕಳೆ ಉತ್ತರ', ಒಟ್ಟು ಮೊತ್ತ 10 ಅಂಕ ಮೇಲಕ್ಕೆ ಹೋಗುತ್ತದೆ. ಆಗ ಬೇರೆಯವರ ಸರಾಸರಿಗೆ ಹೋಲಿಸಿ 'ನಮ್ಮ ವಿದ್ಯಾರ್ಥಿಗಳಲ್ಲಿ ಒತ್ತಡ ವಿಪರೀತ' ಎಂದು ಬರೆದರೆ ಅದು ಬರೀ ಕೋಡಿಂಗ್ ದೋಷ. ಕ್ರೊನ್‌ಬಾಕ್ ಆಲ್ಫಾ (ಮಾಪನಿಯ ಪ್ರಶ್ನೆಗಳು ಪರಸ್ಪರ ಎಷ್ಟು ಹೊಂದುತ್ತವೆ ಎಂಬ ಅಳತೆ) ಋಣಾತ್ಮಕವಾಗಿ ಬಂದರೆ ಅಥವಾ 0.3ರ ಆಸುಪಾಸಿನಲ್ಲಿದ್ದರೆ ಮೊದಲು ತಿರುವು ಪ್ರಶ್ನೆಗಳನ್ನು ನೋಡಿ, ಆಮೇಲೆ ಮಾಪನಿಯನ್ನು ದೂರಿ.

ಪಿಟ್ಸ್‌ಬರ್ಗ್ ಸೂಚ್ಯಂಕದಲ್ಲಿ ಪ್ರಶ್ನೆಗಳ ಅಂಕ ಕೂಡಿಬಿಟ್ಟರೆ ಆಗದು. ಸ್ವಂತ ಉತ್ತರದ 19 ಪ್ರಶ್ನೆಗಳು ಏಳು ಘಟಕಗಳಾಗಿ, ಪ್ರತಿ ಘಟಕ 0–3, ಒಟ್ಟು 0–21. 5ಕ್ಕಿಂತ ಹೆಚ್ಚಾದರೆ ನಿದ್ರೆಯ ಗುಣಮಟ್ಟ ಕಳಪೆ. ಒಂದು ಘಟಕ ನಿದ್ರಾ ದಕ್ಷತೆ: ನಿಜವಾಗಿ ಮಲಗಿದ ಗಂಟೆಗಳನ್ನು ಹಾಸಿಗೆಯಲ್ಲಿದ್ದ ಗಂಟೆಗಳಿಂದ ಭಾಗಿಸಿ ಶೇಕಡಾ ಮಾಡಬೇಕು. 85 ಅಥವಾ ಹೆಚ್ಚಿದ್ದರೆ 0, 75–84ಕ್ಕೆ 1, 65–74ಕ್ಕೆ 2, ಅದಕ್ಕೂ ಕಡಿಮೆಗೆ 3. ಇಲ್ಲಿ ಮಲಗುವ ಹೊತ್ತನ್ನು ಖಾಲಿ ಜಾಗದಲ್ಲಿ ಬರೆಸಿದರೆ '11', '11.30', 'ಹನ್ನೆರಡು', '12–1' ಎಲ್ಲವೂ ಬರುತ್ತವೆ. ಮಧ್ಯರಾತ್ರಿ ದಾಟಿದ ಲೆಕ್ಕದಲ್ಲಿ ಎಕ್ಸೆಲ್ ಋಣ ಗಂಟೆ ಕೊಡುತ್ತದೆ. 24 ಗಂಟೆಯ ಪಟ್ಟಿಯಿಂದ ಆರಿಸುವಂತೆ ಮಾಡಿ. ದಕ್ಷತೆ 100ಕ್ಕಿಂತ ಹೆಚ್ಚು ಬಂದವರನ್ನು ಏನು ಮಾಡುತ್ತೀರಿ? ಕೆಲವರು ಹಾಸಿಗೆಯಲ್ಲಿದ್ದದ್ದಕ್ಕಿಂತ ಹೆಚ್ಚು ಹೊತ್ತು ಮಲಗಿದ್ದಾಗಿ ಬರೆದೇ ಬರೆಯುತ್ತಾರೆ. ನಿಯಮ ಈಗಲೇ ಇರಲಿ.

ಕಣ್ತಪ್ಪಿಸುವ ಇನ್ನೊಂದು ವಿಷಯ: ಪಿಎಚ್‌ಕ್ಯೂ-9ರ ಮೂರನೇ ಪ್ರಶ್ನೆಯೇ ನಿದ್ರೆಯ ಬಗ್ಗೆ, ನಾಲ್ಕನೆಯದು ದಣಿವಿನ ಬಗ್ಗೆ. ನಿದ್ರೆಯ ಸೂಚ್ಯಂಕಕ್ಕೂ ಅದಕ್ಕೂ ಸಿಗುವ ಸಹಸಂಬಂಧದಲ್ಲಿ ಒಂದು ಪಾಲು ಒಂದೇ ಸಂಗತಿಯನ್ನು ಎರಡು ಸಲ ಕೇಳಿದ್ದರಿಂದ ಬಂದದ್ದು. ಮೂರನೇ ಪ್ರಶ್ನೆ ತೆಗೆದೂ ಲೆಕ್ಕ ಹಾಕಿ, ಎರಡನ್ನೂ ವರದಿ ಮಾಡಿ. ಅವಧಿಯೂ ಬೇರೆ: ಪಿಎಚ್‌ಕ್ಯೂ ಕೇಳುವುದು ಕಳೆದ ಎರಡು ವಾರ, ಉಳಿದೆರಡು ಕಳೆದ ಒಂದು ತಿಂಗಳು, ನಿಮ್ಮ ಸ್ಕ್ರೀನ್ ಟೈಮ್ ಏಳು ದಿನ.

ಕನ್ನಡಕ್ಕೆ ತಂದಿದ್ದೀರಾ? ಹಾಗಿದ್ದರೆ ಮೊದಲು ಯಾರಾದರೂ ಪ್ರಕಟಿಸಿದ, ಪರಿಶೀಲಿಸಿದ ಅನುವಾದ ಇದೆಯೇ ಹುಡುಕಿ, ಬಳಸಲು ಅನುಮತಿ ಬೇಕೇ ನೋಡಿ. ಇಲ್ಲದಿದ್ದರೆ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಲಿ, ಮೂಲ ನೋಡದ ಮೂರನೆಯವರು ಅದನ್ನು ಮರಳಿ ಇಂಗ್ಲಿಷಿಗೆ ತರಲಿ, ಎಲ್ಲಿ ಅರ್ಥ ಜಾರಿತು ಎಂದು ಕೂತು ನೋಡಿ. ಗೂಗಲ್ ಅನುವಾದವನ್ನು ಅಂಟಿಸಿ 'ಪ್ರಮಾಣೀಕೃತ ಮಾಪನಿ' ಎಂದು ಬರೆಯುವ ಪದ್ಧತಿಗೆ ದಯವಿಟ್ಟು ಕೈಹಾಕಬೇಡಿ.

#7 · ಸಮ್ಮತಿಪತ್ರ

ಇದನ್ನು ಓದದೆ ಫಾರ್ಮ್ ಕಳಿಸಬೇಡಿ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಗಳ ಬಗ್ಗೆ. ಅನಾಮಧೇಯ ಫಾರ್ಮಿನಲ್ಲಿ ರಾತ್ರಿ ಒಂದು ಗಂಟೆಗೆ ಯಾರೋ 'ಹೆಚ್ಚುಕಡಿಮೆ ಪ್ರತಿದಿನ' ಎಂದು ಒತ್ತಿದರೆ ನೀವು ಅದನ್ನು ನೋಡುವುದು ಮೂರು ವಾರದ ನಂತರ ಎಕ್ಸೆಲ್‌ನಲ್ಲಿ, ಅವರು ಯಾರೆಂದೂ ಗೊತ್ತಾಗದು. ಒಂದೋ ಆ ಪ್ರಶ್ನೆ ಇಲ್ಲದ ಪಿಎಚ್‌ಕ್ಯೂ-8 ಬಳಸಿ. ಇಲ್ಲವೇ ಯಾರು ನೋಡುತ್ತಾರೆ, ಎಷ್ಟು ಗಂಟೆಯೊಳಗೆ, ಯಾರಿಗೆ ತಿಳಿಸುತ್ತಾರೆ ಎಂಬ ಲಿಖಿತ ಕ್ರಮ ಇಟ್ಟುಕೊಂಡು, ಅದನ್ನು ಸಮ್ಮತಿ ಪತ್ರದಲ್ಲೂ ಹೇಳಿ. ಸಮೀಕ್ಷೆಗೆ ಪಿಎಚ್‌ಕ್ಯೂ-8 ಧಾರಾಳವಾಗಿ ಸಾಕು. ಯಾವುದನ್ನೇ ಆರಿಸಿದರೂ ಕೊನೆಯ ಪುಟದಲ್ಲಿ ಸಹಾಯವಾಣಿಯ ಸಂಖ್ಯೆ ಇರಬೇಕು, ಮೊದಲು ತಾವೇ ಕರೆ ಮಾಡಿ ಅದು ಚಾಲ್ತಿಯಲ್ಲಿದೆಯೇ ನೋಡಿರಬೇಕು.

ನೈತಿಕ ಸಮಿತಿಯ ಒಪ್ಪಿಗೆ ಡೇಟಾ ಸಂಗ್ರಹಕ್ಕೆ ಮೊದಲು. ಆಮೇಲೆ ಕೇಳುವ ಒಪ್ಪಿಗೆ ಒಪ್ಪಿಗೆಯಲ್ಲ. ಸಮ್ಮತಿ ಪತ್ರದಲ್ಲಿ ಎಷ್ಟು ನಿಮಿಷ ಹಿಡಿಯುತ್ತದೆ, ಯಾವ ಥರದ ಪ್ರಶ್ನೆಗಳು, ಯಾವಾಗ ಬೇಕಾದರೂ ಬಿಡಬಹುದು, ಡೇಟಾ ಎಲ್ಲಿ ಎಷ್ಟು ಕಾಲ ಇರುತ್ತದೆ, ದೂರು ಯಾರಿಗೆ ಎಂಬುದಿರಲಿ. ಹೆಸರು, ಇಮೇಲ್ ಕೇಳದಿದ್ದರೆ ಅನಾಮಧೇಯ ಎಂದುಕೊಳ್ಳಬೇಡಿ: ವಯಸ್ಸು, ಲಿಂಗ, ವಿಭಾಗ, ಯಾವ ವರ್ಷ ಇಷ್ಟು ಸೇರಿದರೆ ಸಣ್ಣ ತರಗತಿಯಲ್ಲಿ ಒಬ್ಬರನ್ನು ಗುರುತಿಸಲು ಸಾಕು. ವಿಶ್ಲೇಷಣೆಗೆ ಬೇಡದ ವಿವರ ಕೇಳಲೇಬೇಡಿ. ಫಾರ್ಮ್ ಸೆಟ್ಟಿಂಗ್‌ನಲ್ಲಿ ಇಮೇಲ್ ಸಂಗ್ರಹ ತಾನಾಗಿ ಆನ್ ಆಗಿದೆಯೇ ಎಂದೂ ನೋಡಿ.

#8 · ಹೊಸಚಲಕ

ಎಲ್ಲರಿಗೂ ಧನ್ಯವಾದ. ಫಾರ್ಮ್ ತಡೆಹಿಡಿದಿದ್ದೇನೆ. ಎರಡು ವಾರದ ವಿನ್ಯಾಸಕ್ಕೆ ಸಮಯ ಸಾಲದು, ಆದ್ದರಿಂದ ಸಮೀಕ್ಷೆಯೇ, 'ಸಂಬಂಧ' ಎಂಬ ಶೀರ್ಷಿಕೆಯಲ್ಲಿ, ಗುರಿ 194 ಜನ, ಪಿಎಚ್‌ಕ್ಯೂ-8. ಮೂರು ಪ್ರಶ್ನೆ: ಪೈಲಟ್ (ಚಿಕ್ಕ ಪೂರ್ವಪರೀಕ್ಷೆ) ಎಷ್ಟು ಜನರ ಮೇಲೆ? ಆ ಡೇಟಾವನ್ನು ಮುಖ್ಯ ಡೇಟಾಗೆ ಸೇರಿಸಬಹುದೇ? ನಾಲ್ಕೂ ಚಲಕಗಳ ನಡುವೆ ಎಲ್ಲ ಸಹಸಂಬಂಧ ಹಾಕಿ, ಬಂದದ್ದನ್ನು ಬರೆಯಲು ಗೈಡ್ ಹೇಳಿದ್ದಾರೆ. ಸರಿಯೇ?

#9 · ಕಚ್ಚಾಡೇಟಾ

ಪೈಲಟ್ ಎರಡು ಹಂತದಲ್ಲಿ. ಮೊದಲು 5–8 ಜನ ನಿಮ್ಮೆದುರು ಕೂತು ಪ್ರತಿ ಪ್ರಶ್ನೆಯನ್ನು ಜೋರಾಗಿ ಓದಿ, ಅದಕ್ಕೆ ಏನು ಅರ್ಥ ಮಾಡಿಕೊಂಡರು ಎಂದು ಹೇಳಲಿ. 'ಅರ್ಥವಾಯಿತೇ' ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. ಆಮೇಲೆ 15–20 ಜನ ಫೋನಿನಲ್ಲಿ ಪೂರ್ತಿ ತುಂಬಲಿ: ಎಷ್ಟು ಹೊತ್ತಾಯಿತು, ಎಲ್ಲಿ ಬಿಟ್ಟುಹೋದರು, ಫೈಲಿನಲ್ಲಿ ಅಂಕಿಗಳು ನೀವು ಅಂದುಕೊಂಡ ರೂಪದಲ್ಲೇ ಬಂದವೇ. ಪೈಲಟ್‌ನಿಂದ ಪರಿಣಾಮದ ಗಾತ್ರ ಅಂದಾಜಿಸಬೇಡಿ. 20 ಜನರ ಆರ್ ಎಲ್ಲಿ ಬೇಕಾದರೂ ಇರಬಲ್ಲದು. ಒಂದು ಪದ ಬದಲಿಸಿದರೂ ಆ ಡೇಟಾ ಮುಖ್ಯ ಫೈಲಿಗೆ ಸೇರಕೂಡದು.

ಮಧ್ಯದಲ್ಲಿ ಒಂದು ಗಮನ ಪರೀಕ್ಷೆ ಇಡಿ: 'ಈ ಸಾಲಿಗೆ ಎರಡನೇ ಆಯ್ಕೆಯನ್ನು ಒತ್ತಿ'. ಸರಾಸರಿ ಪ್ರಶ್ನೆಗೆ ಎರಡು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಮುಗಿಸಿದವರನ್ನೂ, ತಿರುವು ಪ್ರಶ್ನೆಗಳಿದ್ದರೂ ಉದ್ದಕ್ಕೂ ಒಂದೇ ಉತ್ತರ ಒತ್ತಿದವರನ್ನೂ ಗುರುತು ಮಾಡಿ. ಹೀಗೆ ಹೊರಹೋಗುವವರಿಗೂ ಲೆಕ್ಕ ಇಟ್ಟು 194ರ ಬದಲು 220ರ ಸುತ್ತ ಸಂಗ್ರಹಿಸಿ.

#10 · ಶೇಷಪದ

ಮೂರನೇ ಪ್ರಶ್ನೆಗೆ: ಗೈಡ್ ಹೇಳಿದಂತೆ ಎಲ್ಲ ಹಾಕಿ, ಆದರೆ ಯಾವುದು ನಿಮ್ಮ ಪ್ರಾಕ್ಕಲ್ಪನೆ ಎಂದು ಮೊದಲೇ ಹೇಳಿ. ನಾಲ್ಕು ಚಲಕ ಅಂದರೆ ಆರು ಜೋಡಿ. ಎಲ್ಲೂ ಏನೂ ಇಲ್ಲದಿದ್ದರೂ, ಆರು ಸ್ವತಂತ್ರ ಪರೀಕ್ಷೆಗಳಲ್ಲಿ ಕನಿಷ್ಠ ಒಂದು 0.05ರ ಕೆಳಗೆ ಬೀಳುವ ಸಾಧ್ಯತೆ 26%. ಅದರ ಮೇಲೆ 'ಹುಡುಗಿಯರಲ್ಲಿ ಮಾತ್ರ ನೋಡೋಣ', 'ಆ ಇಬ್ಬರನ್ನು ಬಿಟ್ಟು ನೋಡೋಣ', 'ಇನ್ನೂ 20 ಜನ ಸೇರಿಸಿ ನೋಡೋಣ' ಶುರುವಾದರೆ ಗತಿ ನೆಟ್ಟಗಿರುವುದಿಲ್ಲ. 2011ರ ಒಂದು ಹೆಸರಾಂತ ಸಿಮ್ಯುಲೇಶನ್‌ನಲ್ಲಿ ಇಂಥ ನಾಲ್ಕು ಸಲಿಗೆಗಳನ್ನು ಒಟ್ಟಿಗೆ ಬಳಸಿದಾಗ ಸುಳ್ಳು ಫಲಿತಾಂಶದ ಪ್ರಮಾಣ 5%ನಿಂದ 60.7%ಕ್ಕೆ ಏರಿತು. ಅವುಗಳಲ್ಲಿ ಒಂದೂ ವಂಚನೆಯಂತೆ ಕಾಣುವುದಿಲ್ಲ ಎಂಬುದೇ ಕಷ್ಟ.

ಆದ್ದರಿಂದ ಒಂದು ಪುಟ ಬರೆಯಿರಿ, ದಿನಾಂಕ ಸಮೇತ ಓಎಸ್‌ಎಫ್ ಅಥವಾ ಆಸ್‌ಪ್ರಿಡಿಕ್ಟೆಡ್ ತಾಣದಲ್ಲಿ ಪೂರ್ವನೋಂದಣಿ ಮಾಡಿ, ಎರಡೂ ಉಚಿತ. ಅದರಲ್ಲಿ ಮುಖ್ಯ ಪ್ರಾಕ್ಕಲ್ಪನೆ ಒಂದೇ, ದಿಕ್ಕಿನ ಸಮೇತ: 'ರಾತ್ರಿ ಬಳಕೆಯ ನಿಮಿಷ ಹೆಚ್ಚಿದ್ದಷ್ಟೂ ಪಿಟ್ಸ್‌ಬರ್ಗ್ ಒಟ್ಟು ಅಂಕ ಹೆಚ್ಚು'. ಯಾವ ಪರೀಕ್ಷೆ, ಯಾರನ್ನು ಬಿಡುತ್ತೀರಿ, ಸಂಗ್ರಹ ಯಾವಾಗ ನಿಲ್ಲಿಸುತ್ತೀರಿ, ಖಾಲಿ ಉತ್ತರಕ್ಕೆ ಏನು ಮಾಡುತ್ತೀರಿ. ಉಳಿದ ಐದು ಜೋಡಿಗಳು 'ಅನ್ವೇಷಣಾತ್ಮಕ' ಎಂಬ ತಲೆಬರಹದಡಿ. ಮುಜುಗರವೇನಿಲ್ಲ, ಅನ್ವೇಷಣೆಯೂ ಸಂಶೋಧನೆಯೇ. ಅದನ್ನು ಮೊದಲೇ ಊಹಿಸಿದಂತೆ ಬರೆಯುವುದು ಮಾತ್ರ ತಪ್ಪು.

ಬರೆದ ಮೇಲೆ 194 ಸಾಲಿನ ನಕಲಿ ಡೇಟಾ ಮಾಡಿ, ಜಮೋವಿ ಅಥವಾ ಜಾಸ್ಪ್ ತಂತ್ರಾಂಶದಲ್ಲಿ ವಿಶ್ಲೇಷಣೆಯನ್ನು ಆರಂಭದಿಂದ ಕೊನೆತನಕ ಓಡಿಸಿ. ಯೋಜನೆಯಲ್ಲಿ ತೂತು ಎಲ್ಲಿದೆ ಎಂದು ಗೊತ್ತಾಗುವುದು ಆಗಲೇ.

#11 · ಕಚ್ಚಾಡೇಟಾ

ಫೈಲ್ ವಿಷಯ ಚುಟುಕಾಗಿ. ಇಳಿಸಿಕೊಂಡ ಮೂಲ ಫೈಲನ್ನು 'ಓದಲು ಮಾತ್ರ' ಎಂದು ಮಾಡಿ ಮುಟ್ಟದೆ ಬಿಡಿ, ಕೆಲಸವೆಲ್ಲ ನಕಲಿನ ಮೇಲೆ. ಪ್ರತಿ ಕಂಬಸಾಲಿನ ಹೆಸರು, ಅರ್ಥ, ಕನಿಷ್ಠ, ಗರಿಷ್ಠ, ತಿರುವು ಹೌದೇ ಅಲ್ಲವೇ ಎಂಬ ಕೋಡ್‌ಬುಕ್ ಬೇರೆ ಹಾಳೆಯಲ್ಲಿ. ಖಾಲಿ ಉತ್ತರಕ್ಕೆ 99 ಹಾಕುವ ಹಳೆಯ ಅಭ್ಯಾಸ ಬೇಡ, ತಂತ್ರಾಂಶಕ್ಕೆ ತಿಳಿಸಲು ಮರೆತರೆ ಅದು ಸರಾಸರಿಯೊಳಗೆ ಸೇರಿಕೊಳ್ಳುತ್ತದೆ. '3-4' ಎಂಬ ಉತ್ತರವನ್ನು ಎಕ್ಸೆಲ್ ಸದ್ದಿಲ್ಲದೆ ದಿನಾಂಕ ಮಾಡಿಬಿಡುತ್ತದೆ. ವಿಶ್ಲೇಷಣೆಗೆ ಮೊದಲು ಪ್ರತಿ ಚಲಕದ ಕನಿಷ್ಠ, ಗರಿಷ್ಠ ನೋಡಿ. 0–3ರ ಪ್ರಶ್ನೆಯಲ್ಲಿ 4 ಕಂಡರೆ ಅಲ್ಲೇ ನಿಲ್ಲಿ.

#12 · ಮಧ್ಯಾಂಕ

ಫಲಿತಾಂಶ ಬರೆಯುವ ರೀತಿ. 'ಸಾರ್ಥಕ ಸಂಬಂಧ ಕಂಡುಬಂದಿತು (ಪಿ < 0.05)' ಎಂದು ಮುಗಿಸಬೇಡಿ. 194 ಜನರಲ್ಲಿ ಆರ್ 0.20 ಬಂದರೆ: ಆರ್(192) = 0.20, ಪಿ = 0.005, 95% ವಿಶ್ವಾಸಾಂತರ (ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿಯ ಅಂದಾಜು) 0.06ರಿಂದ 0.33. ಆವರಣದೊಳಗಿನ 192 ಅಂದರೆ ಭಾಗವಹಿಸಿದವರ ಸಂಖ್ಯೆಯಿಂದ ಎರಡು ಕಳೆದದ್ದು. ಅಂತರದ ಅಗಲ ನೋಡಿದರೆ ಸಾಕು, 'ಗಾಢ ಸಂಬಂಧ' ಎಂದು ಬರೆಯುವ ಉತ್ಸಾಹ ತಾನೇ ಇಳಿಯುತ್ತದೆ.

ಎರಡು ಗುಂಪುಗಳ ಹೋಲಿಕೆಯಲ್ಲಿ ಎಲ್ಲರೂ ಬೀಳುವ ಗುಂಡಿಯೊಂದಿದೆ. ತಲಾ 50 ಜನರಲ್ಲಿ ಹುಡುಗಿಯರ ಆರ್ 0.35 (ಪಿ = 0.01), ಹುಡುಗರ ಆರ್ 0.20 (ಪಿ = 0.16). 'ಸಂಬಂಧ ಹುಡುಗಿಯರಲ್ಲಿ ಮಾತ್ರ ಇದೆ' ಎನ್ನುತ್ತೀರಿ. ಎರಡೂ ಅಂಕಿಗಳ ವ್ಯತ್ಯಾಸವನ್ನೇ ಪರೀಕ್ಷಿಸಿದರೆ ಪಿ 0.43, ಅಂದರೆ ವ್ಯತ್ಯಾಸಕ್ಕೆ ಪುರಾವೆ ಇಲ್ಲ. ಹಾಗೆಯೇ, ಪಿ 0.05 ದಾಟಿತೆಂದು 'ಸಂಬಂಧ ಇಲ್ಲ' ಎನ್ನಲೂ ಬರದು.

#13 · ಹೊಸಚಲಕ

ಕೊನೆಯ ಪ್ರಶ್ನೆ. ಪೈಲಟ್‌ನಲ್ಲಿ ಒಬ್ಬರು ರಾತ್ರಿ ಬಳಕೆ 960 ನಿಮಿಷ ಎಂದು ಬರೆದಿದ್ದಾರೆ. ಇಂಥವರನ್ನು ತೆಗೆಯಬಹುದೇ?

#14 · ಶೇಷಪದ

960 ಅಂದರೆ 16 ಗಂಟೆ, ರಾತ್ರಿ ಅಷ್ಟು ಉದ್ದ ಇಲ್ಲ. ಬಹುಶಃ ಇಡೀ ದಿನದ ಅಥವಾ ವಾರದ ಮೊತ್ತ ಬರೆದಿದ್ದಾರೆ. ಅಂದರೆ ಸೂಚನೆ ಸ್ಪಷ್ಟವಿಲ್ಲ, ಮೊದಲು ಅದನ್ನು ತಿದ್ದಿ. ರಾತ್ರಿ 9ರಿಂದ ಬೆಳಗಿನ 5 ಎಂದು ವ್ಯಾಖ್ಯೆ ಇಟ್ಟರೆ ಗರಿಷ್ಠ 480. ಫಾರ್ಮ್ ಅದಕ್ಕಿಂತ ದೊಡ್ಡ ಅಂಕಿ ಸ್ವೀಕರಿಸದಂತೆ ಮಾಡಿ.

ಅಸಾಧ್ಯ ಅಂಕಿ ಬೇರೆ, ಅಪರೂಪದ ಅಂಕಿ ಬೇರೆ. 430 ಎಂದು ಬರೆದವರು ಅಪರೂಪ, ಆದರೆ ನಿಜ ಇರಬಹುದು. ಅಂಥವರಿಗೆ 'ಮಧ್ಯಾಂಕದಿಂದ ಇರುವ ಅಂತರಗಳ ಮಧ್ಯಾಂಕ ತೆಗೆದು, 1.4826ರಿಂದ ಗುಣಿಸಿ, ಅದರ 2.5 ಪಟ್ಟಿಗಿಂತ ಆಚೆ ಇದ್ದರೆ ಗುರುತು' ಎಂಬ ನಿಯಮ ಇಡಿ. ಸರಾಸರಿ ಮತ್ತು ಮಾನಕ ವಿಚಲನೆ ಬಳಸಿದರೆ ಆ ವಿಪರೀತ ಅಂಕಿಯೇ ಎರಡನ್ನೂ ತನ್ನ ಕಡೆ ಎಳೆದುಕೊಂಡು ತಪ್ಪಿಸಿಕೊಳ್ಳುತ್ತದೆ. ಬಳಕೆಯ ನಿಮಿಷಗಳ ವಿತರಣೆ ಬಲಕ್ಕೆ ವಾಲಿರುವ ಸಂಭವ ಹೆಚ್ಚು. ಹಾಗಿದ್ದರೆ ಸ್ಪಿಯರ್‌ಮನ್ ಸಹಸಂಬಂಧವನ್ನೇ (ಅಂಕಿಗಳ ಬದಲು ಅವುಗಳ ಸ್ಥಾನಕ್ರಮ ಬಳಸುವಂಥದ್ದು) ಮುಖ್ಯ ಪರೀಕ್ಷೆ ಎಂದು ಪೂರ್ವನೋಂದಣಿಯಲ್ಲಿ ಬರೆದುಬಿಡಿ, ಈ ತಲೆನೋವು ಬಹುಪಾಲು ಕಡಿಮೆಯಾಗುತ್ತದೆ. ಗುರುತಾದವರನ್ನು ಇಟ್ಟುಕೊಂಡು ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಮಾಡಿ, ಎರಡೂ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಕೊಡಿ.